ಅತ್ತೆಯ ದುಂಡನೆಯ ರಕ್ತಕಣಗಳು

ನಮ್ಮ ಅತ್ತೆಯ ಕಣ್ಣಿನ ಬಿಳಿ ಭಾಗ ಬಿಳಿಯಾಗಿರಲಿಲ್ಲ. ಬೆಣ್ಣೆ ಕಾಯಿಸಿ ಇಳಿಸಿದಾಗ ಪಾತ್ರೆಯ ಮೇಲ್ಭಾಗದಲ್ಲಿ ನಿಲ್ಲುತ್ತದಲ್ಲ, ಆ ತಿಳಿತುಪ್ಪದ ಬಣ್ಣ. ಜ್ವರ ಬಂದು ಹೋದ ವಾರದಲ್ಲಂತೂ ರೆಪ್ಪೆಯಂಚಿನವರೆಗೂ ಅರಿಸಿನ ಹರಡಿದಂತೆ ಕಾಣುತ್ತಿತ್ತು. ಆದರೆ ಇದು ನನ್ನ ಕಣ್ಣಿಗೆ ಬಿದ್ದದ್ದು ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ತಿಂಗಳು ಕಳೆದ ಮೇಲೆ. ಬೆಳಗ್ಗೆ ಮುಖ ತೊಳೆದ ಕೂಡಲೇ ಅವರು ಕನ್ನಡಕ ಹಾಕಿಕೊಂಡುಬಿಡುತ್ತಿದ್ದರು. ದಪ್ಪ ಫ್ರೇಮಿನ, ನಸುಗಪ್ಪು ಗಾಜಿನ ಕನ್ನಡಕ. ಅದಕ್ಕೆ ಪವರ್ ಏನೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಹಾಲು ಕರೆಯುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

"ನೋಡ್ರವ್ವ, ಸಿನಿಮಾದವ್ಳು ಹಾಲು ಕರೀತಾವ್ಳೆ" ಎಂದು ಪಕ್ಕದ ಮನೆಯವರು ರೇಗಿಸಿದರೆ, "ಊ ಕಣೆ, ಸಾಯಂಕಾಲ ಸೂಟಿಂಗ್ ಐತೆ, ನೀನೂ ಬತ್ತೀಯಾ? ಎಮ್ಮೆ ಪಾರ್ಟು ಖಾಲಿ ಐತೆ" ಎಂದು ತಿರುಗಿಸಿ ಹೇಳುತ್ತಿದ್ದರು. ಬಾಯಿ ಅಷ್ಟು ಜೋರು. ಕನ್ನಡಕ ಯಾಕೆ ಎಂಬ ಪ್ರಶ್ನೆ ಬರದಂತೆ ನೋಡಿಕೊಳ್ಳಲು ಆ ಬಾಯಿಯನ್ನು ಬೆಳೆಸಿಕೊಂಡಿದ್ದರು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ನಮ್ಮ ಮನೆ ಹೊಳೆನರಸೀಪುರದ ಹೊರವಲಯದಲ್ಲಿ, ನಾಲೆಯ ಏರಿಯ ಪಕ್ಕದಲ್ಲಿದೆ. ಅತ್ತೆ ಹುಟ್ಟಿ ಬೆಳೆದದ್ದು ಅರಕಲಗೂಡು ಕಡೆಯ ಒಂದು ಹಳ್ಳಿಯಲ್ಲಿ, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ. ನನ್ನ ತವರು ಚನ್ನರಾಯಪಟ್ಟಣ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಅವರ ಒಬ್ಬನೇ ಮಗ, ಗೊರೂರು ಅಣೆಕಟ್ಟಿನಲ್ಲಿ ನೀರಾವರಿ ಇಲಾಖೆಯ ಕೆಲಸ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. "ಕೆಂಪು ರಕ್ತಕಣವು ಎರಡೂ ಕಡೆ ತಗ್ಗಾದ ತಟ್ಟೆಯ ಆಕಾರದಲ್ಲಿರುತ್ತದೆ" ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ಚಿತ್ರ ಬಿಡಿಸಿ, ಮಕ್ಕಳ ಕೈಲೂ ಬಿಡಿಸುತ್ತಿದ್ದೆ. ಆ ಆಕಾರವನ್ನು ಹಾಗೆ ಹಿಡಿದಿಟ್ಟಿರುವುದು ಯಾವುದು ಎಂದು ಯಾವ ಮಗುವೂ ಕೇಳಲಿಲ್ಲ. ನಾನೂ ಯೋಚಿಸಿದವಳಲ್ಲ.

ಅತ್ತೆ ನಡೆಯುತ್ತಿದ್ದದ್ದು ಬಲು ಬಿರುಸು. ಆದರೆ ಡೈರಿಗೆ ಹಾಲು ಹಾಕಿ ಬರುವಾಗ ಏರಿಯ ಹತ್ತಿರ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದರು. ಎಡಗೈ ಪಕ್ಕೆಯ ಕೆಳಗೆ ಹೋಗುತ್ತಿತ್ತು. "ವಸಿ ತಡ್ಕ ಕಣವ್ವ. ನಾನು ಬಂದ್ಬುಟ್ಟೆ, ನನ್ನ ಹೊಟ್ಟೆ ಇನ್ನೂ ಹಿಂದ್ಲೆ ಬತ್ತಾ ಐತೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಊಟವಾದ ಮೇಲೆ ಬಲಗಡೆ ನೋವು ಬಂದು ಬೆವೆತು ಮಲಗುವುದೂ ಇತ್ತು. ಅದಕ್ಕೆ ಅವರಿಟ್ಟ ಹೆಸರು ಪಿತ್ತ. ಮದ್ದು ಜೀರಿಗೆ ನೀರು. ಹಳದಿ ಸೀರೆ ಉಡುತ್ತಿರಲಿಲ್ಲ. ಸಾರಿಗೆ ಅರಿಸಿನ ಒಂದು ಚಿಟಿಕೆಗಿಂತ ಹೆಚ್ಚು ಬಿದ್ದರೆ ಸಿಟ್ಟು. ನಮ್ಮ ಮನೆಯಲ್ಲಿ ಚಿತ್ರಾನ್ನ ಮಾಡಿದ್ದೇ ಇಲ್ಲ. ವಿಚಿತ್ರ ಹೆಂಗಸು ಎಂದುಕೊಂಡಿದ್ದೆ. ಮನೆಯೊಳಗೆ ಯಾರಾದರೂ ಯಾವುದನ್ನಾದರೂ ದಿನಾ ಮಾಡುತ್ತಿದ್ದರೆ ಅದು ಅವರ ಸ್ವಭಾವ ಎಂದು ಬಿಟ್ಟುಬಿಡುವುದು ಎಷ್ಟು ಸುಲಭ!

ಮಗಳು ಹುಟ್ಟಿದ್ದು ಹಾಸನದ ಆಸ್ಪತ್ರೆಯಲ್ಲಿ. ಹುಟ್ಟಿದ ಮಾರನೆಯ ದಿನವೇ ಅವಳ ಮೈ ಹಳದಿಯಾಯಿತು. ಬೇರೆ ಮಕ್ಕಳಿಗೂ ಆಗುತ್ತದೆ, ಹೆದರಬೇಡಿ ಎಂದು ನರ್ಸುಗಳು ಅವಳನ್ನು ನೀಲಿ ದೀಪದ ಕೆಳಗೆ, ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದರು. ಬೇರೆ ಮಕ್ಕಳು ಎರಡು ಮೂರು ದಿನಕ್ಕೆ ಎದ್ದು ಹೋದರು. ನಮ್ಮ ಪುಟ್ಟಿ ಮಾತ್ರ ಅಲ್ಲೇ ಉಳಿದಳು. ಅತ್ತೆ ಬಂದರು. ಬಾಗಿಲಲ್ಲೇ ನಿಂತರು. ಗಾಜಿನ ಪೆಟ್ಟಿಗೆಯೊಳಗಿನ ಮಗುವನ್ನು ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಮನೆಗೆ ಕರೆತಂದ ಮೇಲೂ ಅವರು ಮಗುವನ್ನು ಎತ್ತಿಕೊಳ್ಳಲಿಲ್ಲ. ತೊಟ್ಟಿಲು ತೂಗುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ನನಗೆ ಬಾಣಂತನದ ಊಟ ಮಾಡಿ ಬಡಿಸುತ್ತಿದ್ದರು. ಆದರೆ ಮಗುವನ್ನು ಮುಟ್ಟುತ್ತಿರಲಿಲ್ಲ. ನೀರು ಹಾಕಲು ಬೇರೆಯವರನ್ನು ಕರೆಸುತ್ತಿದ್ದರು.

ನನ್ನ ತಾಯಿಗೆ ಫೋನಿನಲ್ಲಿ ಹೇಳಿದೆ: "ಹೆಣ್ಣು ಹುಟ್ಟಿತು ಅಂತ ಮುಖ ಗಂಟು ಹಾಕ್ಕೊಂಡಿದ್ದಾರೆ." ಆಗ ನಿಜವಾಗಿ ಹಾಗೇ ನಂಬಿದ್ದೆ.

ಪುಟ್ಟಿ ಬೆಳೆದಳು, ಆದರೆ ಬಿಳಿಚಿಕೊಂಡೇ ಬೆಳೆದಳು. ಅಂಗನವಾಡಿಯ ಮೆಟ್ಟಿಲು ಹತ್ತಿದರೆ ಏದುಸಿರು. ಜ್ವರ ಬಂದಾಗಲೆಲ್ಲ ಕಣ್ಣು ಹಳದಿ. ಟಾನಿಕ್ಕು ಕುಡಿಸಿದೆವು, ಬೀಟ್‌ರೂಟು ತಿನ್ನಿಸಿದೆವು, ಕಾಮಾಲೆಗೆ ಸೊಪ್ಪಿನ ರಸ ಕೊಡುವವರ ಹತ್ತಿರವೂ ಹೋದೆವು. ಅವಳಿಗೆ ಐದು ತುಂಬಿದ ವರ್ಷ ಒಂದು ಸಾಮಾನ್ಯ ಜ್ವರ ಬಂತು. ಅದು ಇಳಿಯುವಷ್ಟರಲ್ಲಿ ಮಗು ಸುಣ್ಣದ ಗೋಡೆಯಂತಾಗಿದ್ದಳು. ಎತ್ತಿಕೊಂಡರೆ ತಲೆ ನಿಲ್ಲುತ್ತಿರಲಿಲ್ಲ. ಹಾಸನಕ್ಕೆ ಕರೆದುಕೊಂಡು ಓಡಿದೆವು. ರಕ್ತ ಹಾಕಿದರು. ಎರಡು ದಿನದ ಮೇಲೆ ಮಗು ಕಣ್ಣು ಬಿಟ್ಟು ಬಿಸ್ಕತ್ತು ಕೇಳಿದಾಗ, ಅಲ್ಲಿನ ರಕ್ತದ ಡಾಕ್ಟರು ನಮ್ಮನ್ನು ಕರೆಸಿದರು. ನಡುವಯಸ್ಸಿನ ಹೆಂಗಸು, ಮೆತ್ತಗಿನ ದನಿ. ಮಗುವಿನ ರಕ್ತದ ಜೊತೆ ತಂದೆತಾಯಿಯ ರಕ್ತವನ್ನೂ ನೋಡಬೇಕು ಎಂದರು.

ವರದಿ ಬಂತು. ನನ್ನ ರಕ್ತ ಸರಿಯಾಗಿತ್ತು. ನನ್ನ ಗಂಡನದರಲ್ಲಿ ತೊಂದರೆ ಇತ್ತು. ಸ್ವಲ್ಪವೇ, ಮೇಲೆ ಕಾಣದಷ್ಟು. ಆ ಕ್ಷಣ ನನ್ನೊಳಗೆ ಆದದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಹಗುರವಾಯಿತು. ಮಗಳು ಒಳಗೆ ಹಾಸಿಗೆಯ ಮೇಲೆ ಮಲಗಿದ್ದಾಳೆ, ನನಗೆ ಹಗುರ! ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಕಪ್ಪು ಗಾಜಿನ ಹಿಂದಿನಿಂದ.

ಡಾಕ್ಟರು ಅವರ ಕಡೆ ತಿರುಗಿದರು. "ಅಮ್ಮ, ಸ್ವಲ್ಪ ಕನ್ನಡಕ ತೆಗೀರಿ."

"ಬೆಳಕಿಗೆ ಕಣ್ಣು ಚುಚ್ತದೆ ಕಣವ್ವ" ಎಂದರು ಅತ್ತೆ.

"ಒಂದೇ ನಿಮಿಷ. ನೋಡಿ ಕೊಟ್ಟುಬಿಡ್ತೀನಿ."

ಅತ್ತೆ ನಿಧಾನವಾಗಿ ತೆಗೆದರು. ತೆಗೆದು ತಲೆ ತಗ್ಗಿಸಿಕೊಂಡರು. ಡಾಕ್ಟರು ಗದ್ದ ಹಿಡಿದು ಎತ್ತಿ ನೋಡಿದರು. ಮಂಚದ ಮೇಲೆ ಮಲಗಿಸಿ ಎಡ ಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿದರು. "ಎಷ್ಟು ವರ್ಷದಿಂದ ಇದೆ ಅಮ್ಮ ಇದು?"

"ಬುದ್ಧಿ ಬಂದಾಗ್ಲಿಂದ" ಎಂದರು ಅತ್ತೆ.

ಅವರ ರಕ್ತವನ್ನೂ ತೆಗೆದರು. ಮಧ್ಯಾಹ್ನ ಡಾಕ್ಟರು ನಮ್ಮನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆಯ ಮೇಲೆ ತೋರಿಸಿದರು. ಮೊದಲು ನನ್ನದು. ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಚಿತ್ರವೇ ಅಲ್ಲಿತ್ತು: ನಡುವೆ ಮಸುಕಾದ, ಅಂಚು ಗಾಢವಾದ ತಟ್ಟೆಗಳು. ಆಮೇಲೆ ಪುಟ್ಟಿಯದು, ಅವಳಪ್ಪನದು, ಅತ್ತೆಯದು. ಮೂವರದರಲ್ಲೂ ನಡುನಡುವೆ ಚಿಕ್ಕ, ದುಂಡನೆಯ, ಮಸುಕೇ ಇಲ್ಲದ ಕಡುಗೆಂಪು ಗುಂಡುಗಳು. ಪುಟ್ಟಿಯದರಲ್ಲಿ ತುಂಬ. ಅತ್ತೆಯದರಲ್ಲೂ ತುಂಬ.

ಡಾಕ್ಟರು ಅತ್ತೆಗೆ ಅರ್ಥವಾಗುವಂತೆ ಹೇಳಲು ಶುರು ಮಾಡಿದರು. ಅರ್ಥವಾಗಬೇಕಿದ್ದದ್ದು ನನಗೂ. ರಕ್ತದ ಕಣ ಒಂದು ಪುಟ್ಟ ಚೀಲ. ಆ ಚೀಲದ ಸಿಪ್ಪೆ ಬಹಳ ತೆಳು. ತಾನಾಗಿ ಅದಕ್ಕೊಂದು ಆಕಾರವಿಲ್ಲ. ಸಿಪ್ಪೆಯ ಒಳಮೈಗೆ ಅಂಟಿಕೊಂಡಂತೆ ಪ್ರೋಟೀನಿನ ಎಳೆಗಳ ಒಂದು ಬಲೆ ಇರುತ್ತದೆ. ಉದ್ದನೆಯ ಎಳೆ ಒಂದು ಬಗೆಯ ಪ್ರೋಟೀನು, ಅದನ್ನು ಸಿಪ್ಪೆಗೆ ಕಟ್ಟುವ ಗಂಟು ಇನ್ನೊಂದು ಬಗೆಯದು. ಕಣವನ್ನು ತಟ್ಟೆಯಾಗಿ ಉಳಿಸುವುದು ಆ ಬಲೆ. ಇಕ್ಕಟ್ಟಿನಲ್ಲಿ ಮಡಚಿಕೊಂಡು ನುಸುಳಿ, ಆಚೆ ಬಂದ ಮೇಲೆ ಮತ್ತೆ ತಟ್ಟೆಯಾಗುವ ಶಕ್ತಿಯೂ ಅದರಿಂದಲೇ. ನಿಮ್ಮ ಮನೆಯವರಲ್ಲಿ ಆ ಪ್ರೋಟೀನುಗಳಲ್ಲಿ ಒಂದು ಸರಿಯಾಗಿ ತಯಾರಾಗುವುದಿಲ್ಲ. ಕಟ್ಟು ಸಡಿಲವಾದ ಕಡೆ ಸಿಪ್ಪೆ ಚೂರುಚೂರಾಗಿ ಕಳಚಿಹೋಗುತ್ತದೆ. ಸಿಪ್ಪೆ ಕಡಿಮೆಯಾಗಿ ಒಳಗಿನದು ಅಷ್ಟೇ ಉಳಿದರೆ ಕಣ ದುಂಡಗಾಗದೆ ಬೇರೆ ದಾರಿಯಿಲ್ಲ. ದುಂಡಗಾದದ್ದು ಎಡ ಪಕ್ಕೆಯ ಕೆಳಗಿರುವ ಗುಲ್ಮದ, ಅಂದರೆ ಸ್ಪ್ಲೀನಿನ, ಸಂದಿಗೊಂದಿಗಳಲ್ಲಿ ನುಸುಳಲಾರದು. ಸಿಕ್ಕಿಕೊಂಡು ಒಡೆಯುತ್ತದೆ. ಒಡೆದ ರಕ್ತದಿಂದಲೇ ಕಣ್ಣಿಗೆ ಹಳದಿ, ಪಿತ್ತಕೋಶದಲ್ಲಿ ಕಲ್ಲು. ಒಡೆದು ಒಡೆದು ಗುಲ್ಮವೂ ಊದಿಕೊಳ್ಳುತ್ತದೆ. "ಇದು ಅಂಟುಜಾಡ್ಯ ಅಲ್ಲ ಅಮ್ಮ. ಹುಟ್ಟಿನಿಂದ ಬರೋದು."

ಅತ್ತೆ ಪರದೆಯನ್ನೇ ನೋಡುತ್ತಿದ್ದರು. "ಅದು ನಂದಾ?"

"ನಿಮ್ಮದೇ."

ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಹಾಲಿಂದ ಬರಾದಲ್ವಾ?"

ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಯಾವ ಹಾಲು?"

"ಎದೆ ಹಾಲು. ತಾಯಿ ಹಾಲು ನಂಜಾಗಿ ಮಗೀಗೆ ಹಿಂಗಾಗದಾ?"

"ಇಲ್ಲಮ್ಮ. ಹಾಲಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಹಾಲು ಕೊಡಲೇಬೇಕು."

"ಹಾಲಲ್ವಾ?" ಎಂದು ಇನ್ನೊಮ್ಮೆ ಕೇಳಿದರು. ಅಲ್ಲ ಎಂದು ಡಾಕ್ಟರು ಇನ್ನೊಮ್ಮೆ ಹೇಳಿದರು.

ಹೊರಗೆ ಆಸ್ಪತ್ರೆಯ ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಅವರು ತಮ್ಮ ಮಗನಿಗೆ ಹೇಳಿದ್ದನ್ನು ನಾನೂ ಪಕ್ಕದಲ್ಲಿದ್ದು ಕೇಳಿಸಿಕೊಂಡೆ. ಇವನಿಗಿಂತ ಮುಂಚೆ ಅವರಿಗೆ ಎರಡು ಮಕ್ಕಳು ಹುಟ್ಟಿದ್ದವು. ಎರಡೂ ಹಳದಿಯಾಗಿ, ಒಂದು ವಾರವೂ ಉಳಿಯದೆ ಹೋದವು. ಎರಡನೆಯದು ಹೋದಾಗ ಸೂಲಗಿತ್ತಿ, ನಿನ್ನ ಹಾಲೇ ನಂಜು, ನಿನ್ನ ಕಣ್ಣಿನ ಬಣ್ಣವೇ ಹಾಲಿನಲ್ಲಿ ಇಳಿದಿದೆ ಎಂದಿದ್ದಳಂತೆ. ಮೂರನೆಯದಾಗಿ ಇವನು ಹುಟ್ಟಿದಾಗ ಅವರು ಒಂದು ಗುಟುಕೂ ಕೊಡಲಿಲ್ಲ. ಮೇಕೆಯ ಹಾಲು ಹಾಕಿ ಬೆಳೆಸಿದರು. ಇವನು ಬದುಕಿದ. ಬದುಕಿದ್ದರಿಂದ ಸೂಲಗಿತ್ತಿಯ ಮಾತು ಸತ್ಯವೆಂದಾಯಿತು. ಹಿಂದಿನ ಎರಡಕ್ಕೆ ತಾವೇ ವಿಷ ಕುಡಿಸಿದ್ದು ಎಂದುಕೊಂಡು ಅವರು ಅಷ್ಟು ವರ್ಷ ಬದುಕಿದ್ದರು. ಯಾರಿಗೂ ಹೇಳಿರಲಿಲ್ಲ, ಮಾವನಿಗೂ.

"ಎದೆ ಕಟ್ಕಂಡು ಕಲ್ಲಾಗೋದು ಕಣ್ಲಾ. ನೀನು ಅಳ್ತಿದ್ರೆ ಸೀರೆಯೆಲ್ಲ ನೆಂದೋಗೋದು. ಆದ್ರೂ ಕೊಡ್ಲಿಲ್ಲ. ಕೊಟ್ರೆ ನೀನೂ ಓಗ್ಬುಡ್ತೀಯ ಅಂತ" ಎಂದರು.

ನನ್ನ ಗಂಡ ಅವರ ಕೈ ಹಿಡಿದುಕೊಂಡಿದ್ದರು.

"ಪುಟ್ಟೀನ ಅದಕ್ಕೇ ಮುಟ್ಟಲಿಲ್ವಾ ಅತ್ತೆ?" ಎಂದೆ ನಾನು.

"ನನ್ನ ಕೈ ನಂಗೇ ನಂಬ್ಕೆ ಇರ್ಲಿಲ್ಲ ಕಣವ್ವ" ಎಂದರು. ಆಮೇಲೆ, "ಈಗ ಗೊತ್ತಾಯ್ತಲ್ಲ. ಹಾಲಲ್ಲ, ರಕ್ತ. ಎಂಗಾದ್ರೂ ನಾನೇ ಕೊಟ್ಟಿದ್ದು."

"ಅದು ನೀವು ಕೊಟ್ಟಿದ್ದಲ್ಲ, ನಿಮಗೂ ಯಾರೋ ಕೊಟ್ಟಿದ್ದು" ಎಂದು ವಿಜ್ಞಾನದ ಟೀಚರಾಗಿ ವಿವರಿಸಿದೆ. ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ಒಳಗೆ ಹೋಗಿ, ಮಂಚದ ಮೇಲೆ ಕೂತಿದ್ದ ಪುಟ್ಟಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಅಷ್ಟು ದೊಡ್ಡ ಹುಡುಗಿಯನ್ನು ಹಾಲುಗೂಸಿನಂತೆ ಅಡ್ಡಡ್ಡ ಮಲಗಿಸಿಕೊಂಡು ತಟ್ಟುತ್ತಿದ್ದರು. ಅವಳು ಬಿಡಿಸಿಕೊಳ್ಳಲು ನೋಡಿದಳು, ಅವರು ಬಿಡಲಿಲ್ಲ.

ಅಂದಿನಿಂದ ಅವರು ಕನ್ನಡಕ ಹಾಕಲಿಲ್ಲ.

ಅವರ ಕಥೆಗಳೂ ಅಂದಿನಿಂದಲೇ ಹೊರಬಂದವು. ಅವರನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಏನಾದರೂ ಕಣ್ಣು ಮೇಲೆತ್ತಿದರೆ ಕಾಲು ಮುರಿಯುತ್ತೇನೆ ಎಂದು ಅವರ ತಾಯಿ ಹೆದರಿಸಿ ಕೂರಿಸಿದ್ದರಂತೆ. ಕಾಫಿ ಕೊಟ್ಟು, ನಮಸ್ಕಾರ ಮಾಡಿ, ನೆಲವನ್ನೇ ನೋಡುತ್ತ ಒಳಗೆ ಹೋದರಂತೆ. "ಎಂಥ ನಾಚಿಕೆ ಹುಡುಗಿ, ತಲೆ ಎತ್ತಲಿಲ್ಲ" ಎಂದು ಮೆಚ್ಚಿ ಒಪ್ಪಿಕೊಂಡರಂತೆ. "ನಿಮ್ಮಾವ ಆವತ್ತು ಎಂಗಿದ್ರೋ ನಾ ಕಾಣೆ. ಅವ್ರ ಚಪ್ಲಿ ಮಾತ್ರ ಚೆನ್ನಾಗಿ ಗೊತ್ತು" ಎಂದು ನಗುತ್ತಿದ್ದರು. ನಕ್ಕು ಮುಗಿದ ಮೇಲೆ, "ಮೋಸ ಮಾಡಿ ಮದ್ವೆ ಆದೋಳು ಕಣವ್ವ ನಾನು" ಎಂದೂ ಹೇಳುತ್ತಿದ್ದರು.

ಒಂದು ಭಾನುವಾರ, ನನ್ನ ಜೊತೆ ಬಾ ಎಂದು ಅರಕಲಗೂಡಿನ ಬಸ್ಸು ಹತ್ತಿಸಿದರು. ತವರಿನಲ್ಲಿ ಅವರ ತಮ್ಮನ ಸಂಸಾರವಿತ್ತು. ಹೊಗೆಸೊಪ್ಪು ಒಣಗಿಸುವ ಮನೆಯ ಮುಂದೆ ಕೂತು ಎಲೆ ಕಟ್ಟುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಬೆಳಕಿಗೆ ತಿರುಗಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡತೊಡಗಿದರು. ತಮ್ಮನ ಮೊಮ್ಮಗನ ಹತ್ತಿರ ಬಂದಾಗ ನಿಂತರು. "ಇವ್ನ ಹಾಸನಕ್ಕೆ ಕರ್ಕಂಡೋಗು" ಎಂದರು. "ನಮ್ಮ ರಕ್ತದ ಚೀಲದೊಳಗೆ ಬಲೆ ಸರಿಯಾಗಿ ಹೆಣ್ದಿಲ್ವಂತೆ. ಅದೇನೋ ಪ್ರೋಟೀನು. ಅವ್ವನಿಗೂ ಇತ್ತು ಅಂತ ಕಾಣ್ತದೆ. ನೋಡ್ಸು."

ತಮ್ಮ ಎದ್ದು ನಿಂತರು. "ಅಕ್ಕ, ಮನೇಲಿ ಮದ್ವೆಗೆ ಬಂದಿರೋ ಹೆಣ್ಣೈಕ್ಳವೆ. ನಮ್ಮ ರಕ್ತದಲ್ಲಿ ಐಬೈತೆ ಅಂತ ಬೀದೀಲಿ ನಿಂತ್ಕಂಡು ಸಾರ್ತೀಯಲ್ಲ, ನಿಂಗೇನಾದ್ರೂ ಬುದ್ಧಿ ಐತಾ? ಬಾಯ್ಮುಚ್ಕಂಡು ಉಂಡು ಓಗು."

"ಬಾಯ್ಮುಚ್ಕಂಡೇ ನಾನು ಎರಡು ಕೂಸ ಮಣ್ಣಿಗಿಟ್ಟೆ ಕಣ್ಲಾ" ಎಂದರು ಅತ್ತೆ. ಊಟ ಮಾಡದೆ ಎದ್ದು ಬಂದೆವು. ದಾರಿಯಲ್ಲಿ ಅವರು ಅಳಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಪರಿಚಿತ ಹೆಂಗಸಿಗೆ ರಕ್ತಕಣ ದುಂಡಗಾಗುವುದನ್ನು ಕೈಮುಷ್ಟಿ ಕಟ್ಟಿ ತೋರಿಸಿ ವಿವರಿಸುತ್ತ ಬಂದರು. ಕೆಲವು ತಿಂಗಳ ಮೇಲೆ ಆ ಹುಡುಗನನ್ನು ಅವನ ತಾಯಿಯೇ ಯಾರಿಗೂ ಹೇಳದೆ ಹಾಸನಕ್ಕೆ ಕರೆದುಕೊಂಡು ಹೋದಳೆಂದು ತಿಳಿಯಿತು.

ಪುಟ್ಟಿಗೆ ಮಾತ್ರ ಪದೇ ಪದೇ ರಕ್ತ ಹಾಕಿಸಬೇಕಾಗುತ್ತಿತ್ತು. ಅವಳಿಗೆ ಒಂಬತ್ತಾದಾಗ ಡಾಕ್ಟರು ಗುಲ್ಮ ತೆಗೆಸುವುದೇ ಸರಿ ಎಂದರು. ಕಣಗಳ ಆಕಾರ ಬದಲಾಗುವುದಿಲ್ಲ, ಅವು ದುಂಡಗೇ ಇರುತ್ತವೆ. ಆದರೆ ಸಿಕ್ಕಿಕೊಂಡು ಒಡೆಯುವ ಜಾಗವೇ ಇಲ್ಲದಿದ್ದರೆ ಬದುಕುತ್ತವೆ. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದರು. ಗುಲ್ಮ ಕೆಲವು ರೋಗಾಣುಗಳನ್ನು ತಡೆಯುವ ಕಾವಲು. ಅದಿಲ್ಲದವರಿಗೆ ಮುಂಚಿತವಾಗಿ ಚುಚ್ಚುಮದ್ದು ಹಾಕಬೇಕು, ಮತ್ತು ಜೀವಮಾನವಿಡೀ, ಜ್ವರ ಬಂತೆಂದರೆ ಒಂದು ಗಂಟೆಯನ್ನೂ ಕಾಯದೆ ಆಸ್ಪತ್ರೆಗೆ ಬರಬೇಕು.

ಪುಟ್ಟಿ ಆಪರೇಷನ್ ಎಂಬ ಮಾತು ಕೇಳಿದ್ದೇ ಮಂಚದ ಕೆಳಗೆ ಸೇರಿಕೊಂಡಳು. ಸೂಜಿಗಳನ್ನು ಸಹಿಸಿ ಸಹಿಸಿ ಅವಳಿಗೆ ಸಾಕಾಗಿತ್ತು. ಎರಡು ಸಲ ದಿನ ಗೊತ್ತು ಮಾಡಿದೆವು. ಎರಡು ಸಲವೂ ಅತ್ತು ಅತ್ತು ಜ್ವರ ಬರಿಸಿಕೊಂಡಳು. ಅಜ್ಜಿ ಮಂಚದ ಪಕ್ಕ ನೆಲದ ಮೇಲೆ ಕೂತು ಕರೆಯುತ್ತಿದ್ದರು. "ಬಾ ಕೂಸೆ, ಏನೂ ಆಗಕಿಲ್ಲ, ನೋವೇ ಆಗಕಿಲ್ಲ."

"ನಿಂಗೇನು ಗೊತ್ತು? ನೀನೇ ಮೊದ್ಲು ಮಾಡಿಸ್ಕೋ ಹೋಗು!" ಎಂದು ಒಳಗಿನಿಂದ ಕಿರುಚಿದಳು ಪುಟ್ಟಿ.

ಮಾರನೆಯ ವಾರ ಆಸ್ಪತ್ರೆಯಲ್ಲಿ ಅತ್ತೆ ಡಾಕ್ಟರಿಗೆ ಹೇಳಿದರು: "ಮೊದ್ಲು ನಂಗೆ ಮಾಡಿ."

ಅವರ ಪಿತ್ತಕೋಶದಲ್ಲಿ ಕಲ್ಲು ತುಂಬಿತ್ತು; ಅದನ್ನು ತೆಗೆಸಿಕೊಳ್ಳಿ ಎಂದು ಡಾಕ್ಟರು ಮೊದಲಿನಿಂದಲೂ ಹೇಳುತ್ತಿದ್ದರು. ಅತ್ತೆಯೇ ಮುಂದೂಡುತ್ತಿದ್ದರು. ಡಾಕ್ಟರಿಗೆ ಸಂತೋಷವಾಯಿತು. "ಕಲ್ಲು ತೆಗೆಸೋಣ. ಗುಲ್ಮ ಮುಟ್ಟೋದು ಬೇಡ. ಊದಿದೆ ನಿಜ, ತೆಗೆದರೆ ನಿಮಗೂ ಸುಸ್ತು ಕಡಿಮೆಯಾಗುತ್ತೆ. ಆದರೆ ಈ ವಯಸ್ಸಿಗೆ ಬಿಟ್ಟರೂ ನಡೆಯುತ್ತೆ" ಎಂದರು.

"ಮಗೀಗೆ ಯಾವುದು ತೆಗೀತೀರೋ ಅದೇ ತೆಗೀರಿ. ಬ್ಯಾರೆ ಏನೋ ಮಾಡುಸ್ಕಂಡು ಬಂದು ಅವ್ಳಿಗೆ ಸುಳ್ಳೇಳಕಾಯ್ತದಾ?"

ಡಾಕ್ಟರು ನನ್ನ ಮುಖ ನೋಡಿದರು. "ನೀವು ಮನೆಯಲ್ಲಿ ಮಾತಾಡಿಕೊಂಡು ತಿಳಿಸಿ" ಎಂದರು.

ನನ್ನ ಗಂಡ ಬೇಡವೆಂದರು, ಅಮ್ಮನ ಜೊತೆ ಜಗಳವಾಡಿದರು. ಅತ್ತೆ ಅವರ ಮಾತು ಕೇಳುವವರಲ್ಲ. ನನ್ನ ಮಾತು ಕೇಳುತ್ತಿದ್ದರು. ಮಾತ್ರೆ, ಊಟ, ಆಸ್ಪತ್ರೆ, ಎಲ್ಲದರಲ್ಲೂ ಸೊಸೆ ಹೇಳಿದ್ದೇ ಕೊನೆ ಎನ್ನುತ್ತಿದ್ದರು. ನಾನು ಬೇಡ ಎಂದಿದ್ದರೆ ನಿಲ್ಲುತ್ತಿದ್ದರು. "ನಿಮ್ಮಿಷ್ಟ ಅತ್ತೆ" ಎಂದೆ. ಅವರ ಇಷ್ಟ ಏನೆಂದು ನನಗೆ ಗೊತ್ತಿತ್ತು. ಮಗಳು ಮಂಚದ ಕೆಳಗಿಂದ ಹೊರಗೆ ಬಂದರೆ ಸಾಕಾಗಿತ್ತು ನನಗೆ. ಅದಕ್ಕೆ ಅಜ್ಜಿಯ ಹೊಟ್ಟೆ ಕೊಯ್ಯಬೇಕಿದ್ದರೆ ಕೊಯ್ಯಲಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಕಲ್ಲಿನ ಜೊತೆ ಗುಲ್ಮವನ್ನೂ ತೆಗೆದರು. ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿಗೆ ತಂದ ಮೇಲೆ ಪುಟ್ಟಿಯನ್ನು ಕರೆಸಿ, ಹೊಟ್ಟೆಯ ಮೇಲಿನ ಹೊಲಿಗೆ ತೋರಿಸಿದರು. "ನೋಡು, ಆಲೂಗೆಡ್ಡೆ ಮೂಟೆ ಹೊಲ್ದಂಗೆ ಹೊಲ್ದವ್ರೆ. ಹಾಸನದೋರಲ್ವಾ, ಅವ್ರಿಗೆ ಬರಾದು ಅದೊಂದೇ." ಪುಟ್ಟಿ ನಕ್ಕಳು. ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿದಳು. "ನೋವಾಗಲ್ವಾ?" "ಇರ್ವೆ ಕಚ್ದಂಗೆ ಆಯ್ತದೆ." ಆ ಮಾತು ಹೇಳುವಾಗ ಅವರು ಇನ್ನೊಂದು ಕೈಯಲ್ಲಿ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದನ್ನು ನಾನು ನೋಡಿದೆ. ಮುಂದಿನ ತಿಂಗಳು ಪುಟ್ಟಿ ತಾನಾಗಿ ನಡೆದು ಆಪರೇಷನ್ ಕೋಣೆಗೆ ಹೋದಳು.

ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಪವಾಡ ಎನ್ನಬಾರದು, ನಾನು ವಿಜ್ಞಾನದ ಟೀಚರು. ಆದರೂ ಪುಟ್ಟಿಯ ಕೆನ್ನೆಗೆ ಬಣ್ಣ ಬಂತು. ಅವಳು ಏರಿಯ ಮೇಲೆ ಓಡಿದಳು. ಅತ್ತೆಯ ಕಣ್ಣಿನ ಹಳದಿ ವಾರದಿಂದ ವಾರಕ್ಕೆ ಇಳಿಯಿತು. ಒಂದು ಬೆಳಗ್ಗೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಬೆಳ್ಳಗಿನ ಕಣ್ಣುಗಳು. ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ. "ಬಾವಿ ತೋಡ್ದ ಮೇಲೆ ನೀರು ತಿಳಿ ಆಯ್ತದಲ್ಲ, ಅಂಗಾಗೈತೆ" ಎಂದರು. ಅವತ್ತು ಪುಟ್ಟಿಯ ಟಿಫಿನ್ ಡಬ್ಬಿಗೆ ಚಿತ್ರಾನ್ನ ಮಾಡಿ ಹಾಕಿದರು.

ಡಾಕ್ಟರ ಎಚ್ಚರಿಕೆಯನ್ನು ನಮ್ಮೆಲ್ಲರಿಗಿಂತ ಹೆಚ್ಚು ಪಾಲಿಸಿದವರು ಅವರೇ. ಪುಟ್ಟಿ ಶಾಲೆಗೆ ಹೊರಡುವಾಗ ಹಣೆ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ. ಒಮ್ಮೆ ಬಿಸಿಲಲ್ಲಿ ಆಡಿ ಬಂದವಳ ಮೈ ಬೆಚ್ಚಗಿದೆ ಎಂದು ಊಟದ ತಟ್ಟೆಯಿಂದ ಎಬ್ಬಿಸಿ, ಆಟೋ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಏನೂ ಇಲ್ಲವೆಂದು ಅಲ್ಲಿ ನಕ್ಕು ಕಳಿಸಿದರು. "ನಗ್ಲಿ ಬುಡು" ಎಂದರು. ಅವರ ಹಣೆಯನ್ನು ಯಾರು ಮುಟ್ಟಿ ನೋಡುತ್ತಿದ್ದರು? ಯಾರೂ ಇಲ್ಲ. ನನಗೆ ಶಾಲೆ, ಇವರಿಗೆ ಗೊರೂರು.

ಪುಟ್ಟಿ ಹೈಸ್ಕೂಲು ಸೇರಿದ ಮೇಲೆ ಖೋಖೋ ತಂಡಕ್ಕೆ ಆಯ್ಕೆಯಾದಳು. ಚನ್ನರಾಯಪಟ್ಟಣದಲ್ಲಿ ಪಂದ್ಯಾವಳಿ. ಅಜ್ಜಿ ಹೊಸ ಸೀರೆ ತೆಗೆದಿಟ್ಟುಕೊಂಡು ನಾನೂ ಬರುತ್ತೇನೆ ಎಂದು ವಾರದಿಂದ ಹೇಳುತ್ತಿದ್ದರು. ಅಂದು ಬೆಳಗ್ಗೆ ಹೊರಡುವ ಹೊತ್ತಿಗೆ ಜಗಲಿಯ ಮೇಲೆ ಶಾಲು ಹೊದ್ದು ಕೂತಿದ್ದರು. "ನೀವೋಗಿ ಬನ್ನಿ ಕಣವ್ವ. ಬಿಸ್ಲಲ್ಲಿ ನಿಲ್ಲಕ್ಕಾಗಕಿಲ್ಲ ನಂಗೆ."

"ಮೈ ಹುಷಾರಿಲ್ವಾ ಅತ್ತೆ?"

"ರಾತ್ರಿ ಮಜ್ಜಿಗೆ ಉಂಡೆ, ವಸಿ ಶೀತ. ಮೆಣಸಿನ ಕಷಾಯ ಕುಡ್ದಿವ್ನಿ. ಓಗು, ಬಸ್ಸು ಬುಟ್ಟೋಯ್ತದೆ."

ಅವರ ಹಲ್ಲು ಸಣ್ಣಗೆ ಕಟಕಟಿಸುತ್ತಿತ್ತು. ಅದು ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿ ನೋಡಿದ್ದೇನೆ. ಪುಟ್ಟಿ ಗೇಟಿನ ಹತ್ತಿರ "ಅಮ್ಮ, ಲೇಟಾಯ್ತು" ಎಂದು ಕುಣಿಯುತ್ತಿದ್ದಳು. ಒಂದು ಕೈ ಚಾಚಿದ್ದರೆ ಹಣೆ ಸಿಗುತ್ತಿತ್ತು.

ಪುಟ್ಟಿಯ ತಂಡ ಗೆದ್ದಿತು. ಅವಳು ಕಂಬ ಸುತ್ತಿ ಓಡುವುದನ್ನು ನೋಡುತ್ತ, ನನ್ನ ತವರಿನ ಜನರ ನಡುವೆ ನಿಂತು ನಾನು ಕೂಗಿ ಕೂಗಿ ದನಿ ಕಳೆದುಕೊಂಡಿದ್ದೆ. ಮಧ್ಯಾಹ್ನ ಪಕ್ಕದ ಮನೆಯವರ ಫೋನು ಬಂತು. ಎಮ್ಮೆ ಒಂದೇ ಸಮನೆ ಕೂಗುತ್ತಿದೆ ಎಂದು ನೋಡಲು ಹೋದರೆ ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದಿದ್ದರಂತೆ. ಮೈ ಕೆಂಡ, ಮಾತು ತೊದಲು. ಇವರು ಗೊರೂರಿನಿಂದ ಧಾವಿಸಿ ಹಾಸನಕ್ಕೆ ಸೇರಿಸಿದರು. ನಾವು ಚನ್ನರಾಯಪಟ್ಟಣದಿಂದ ನೇರವಾಗಿ ಅಲ್ಲಿಗೇ ಹೋದೆವು. ಶಾಂತಿಗ್ರಾಮ ದಾಟುವಾಗ ಪುಟ್ಟಿ, ಗೆದ್ದು ತಂದ ಕಪ್ಪನ್ನು ಅಜ್ಜಿಗೆ ತೋರಿಸಲು ಬಿಡುತ್ತಾರಾ ಎಂದು ಕೇಳಿದಳು.

ಅದೇ ಡಾಕ್ಟರು ಇದ್ದರು. ರಕ್ತಕ್ಕೆ ನಂಜು ಏರಿದೆ ಎಂದರು. ಚುಚ್ಚುಮದ್ದು ಹಾಕಿದ್ದರೂ ಎಲ್ಲ ರೋಗಾಣುಗಳನ್ನೂ ಅದು ತಡೆಯುವುದಿಲ್ಲ ಎಂದರು. "ಯಾವಾಗ ಶುರುವಾಯಿತು ಜ್ವರ?" ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು. "ಬೆಳಗ್ಗೆ" ಎಂದೆ. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಸಾಯಂಕಾಲ ಅತ್ತೆಗೆ ಸ್ವಲ್ಪ ಎಚ್ಚರವಾಯಿತು. ನನ್ನನ್ನು ಗುರುತಿಸಿದರು. "ಮಗ ಗೆದ್ಲಾ?" ಎಂದರು. ಗೆದ್ದಳು ಎಂದೆ. "ಜ್ವರ ಇಲ್ವಲ್ಲ ಅವ್ಳಿಗೆ?" ಎಂದರು. ಇಲ್ಲ ಎಂದೆ. ಆಮೇಲೆ ಮಾತಾಡಲಿಲ್ಲ. ಮಾರನೆಯ ಬೆಳಗ್ಗೆ ತೀರಿಕೊಂಡರು.

ಯಾಕೆ ಬೇಗ ಹೇಳಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಗೊತ್ತು. ಹೇಳಿದ್ದರೆ ಬಸ್ಸು ತಪ್ಪುತ್ತಿತ್ತು. ಪುಟ್ಟಿ ಓಡುತ್ತಿರಲಿಲ್ಲ. ತನ್ನಿಂದ ಈ ಮಗುವಿಗೆ ಇನ್ನೊಂದು ತಪ್ಪಿಹೋಗುವುದನ್ನು ಅವರು ಸಹಿಸುತ್ತಿರಲಿಲ್ಲ. ಅವರಿಗೆ ಅದು ಅವರ ತಪ್ಪಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೆ, ಪ್ರೋಟೀನು, ಬಲೆ, ಆಕಾರ ಎಂದು ಚಿತ್ರ ಬರೆದು ಹೇಳಿದ್ದೆ. ಅವರು ಕೇಳಿಕೊಂಡು, ಬೇರೆಯವರಿಗೂ ಚೆನ್ನಾಗಿ ವಿವರಿಸಿ, ತಮ್ಮ ಮಟ್ಟಿಗೆ ಮಾತ್ರ ನಂಬದೆ ಉಳಿದರು. ಅವರನ್ನು ನಂಬಿಸುವಷ್ಟು ನಾನು ಹೇಳಲಿಲ್ಲವೇನೋ. ಅವರು ಹಾಗೆ ನಂಬದೆ ಇದ್ದದ್ದರಿಂದ ನನ್ನ ಮಗಳಿಗೆ ಅನುಕೂಲವಾಗಿತ್ತು.

ಈಚೆಗೆ ಒಂದು ದಿನ ಪುಟ್ಟಿ ಕೇಳಿದಳು. ಅವಳೀಗ ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ. "ಅಮ್ಮ, ಅಜ್ಜಿಗೆ ಆ ವಯಸ್ಸಲ್ಲಿ ಗುಲ್ಮ ತೆಗೆಯೋ ಅಗತ್ಯ ಇತ್ತಾ? ಬರೀ ಕಲ್ಲು ತೆಗೆದಿದ್ರೆ ಸಾಕಿತ್ತಲ್ವಾ?"

ಮಂಚದ ಕೆಳಗಿಂದ ಅಜ್ಜಿಗೆ ಕಿರುಚಿ ಹೇಳಿದ ಮಾತು ಅವಳಿಗೆ ನೆನಪಿಲ್ಲ. ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗದೆಯೇ, "ಬಹಳ ಊದಿತ್ತು. ಡಾಕ್ಟರು ತೆಗೆದರೆ ಒಳ್ಳೆಯದು ಅಂದರು" ಎಂದೆ. ಅವಳು ಒಪ್ಪಿಕೊಂಡು ಓದಲು ಹೋದಳು.

ಎಂದಾದರೂ ಅವಳು ಇದನ್ನು ಓದುತ್ತಾಳೆ. ಓದಿದ ದಿನ ಒಂದನ್ನು ಮಾತ್ರ ತಿಳಿದುಕೊಳ್ಳಲಿ: ಹೆದರಿದ ಮಗುವೊಂದು ಏನೋ ಅಂದಿತು, ಮಕ್ಕಳು ಅನ್ನುತ್ತವೆ. ಬೇಡ ಅನ್ನಬೇಕಾಗಿದ್ದ ದೊಡ್ಡವಳು ಆ ಮನೆಯಲ್ಲಿ ಒಬ್ಬಳಿದ್ದಳು. ಅದು ನಾನು.